ಕೇಕಿನ ಹುಟ್ಟುಹಬ್ಬ, ಕಾಗದದ ಹುಟ್ಟುಹಬ್ಬ

ಆ ಕಾಗದಗಳ ಸುದ್ದಿ ದೆಲ್ಮಿರಾಳ ಕಿವಿಗೆ ಮೊದಲು ಬಿದ್ದದ್ದು ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ. ಸಾಂತಾ ಫೆ ಸೀಮೆಯ ಆ ಊರಿನಲ್ಲಿ ಊಟವಾದ ಮೇಲೆ ನಾಯಿಯೂ ಬೊಗಳುವುದಿಲ್ಲ. ಅಂಥ ಹೊತ್ತಿನಲ್ಲಿ ಹಿತ್ತಲ ಬಾಗಿಲು ಬಡಿದರೆ ಒಂದೋ ಸಾವಿನ ಸುದ್ದಿ, ಇಲ್ಲವೇ ಪಕ್ಕದ ಮನೆಯ ನೆಲ್ದಾ. ತೆರೆದರೆ ನೆಲ್ದಾಳೇ. ಸುಡುವ ಬಿಸಿಲಿನಲ್ಲಿ ತಲೆಗೊಂದು ಬಟ್ಟೆಯೂ ಇಲ್ಲದೆ ನಿಂತಿದ್ದಳು.

“ಮರಿಯೆಲಾ ಫೋನ್ ಮಾಡಿದ್ಲು ಕಣೇ. ನಾನು ಇಟಲಿಯವಳಾಗ್ಬೇಕಂತೆ.”

“ಈ ವಯಸ್ಸಲ್ಲಾ? ಮೊದ್ಲು ಒಳಗೆ ಬಾ, ನೆರಳಿನವಳಾಗು.”

ಮರಿಯೆಲಾ ನೆಲ್ದಾಳ ಒಬ್ಬಳೇ ಮಗಳು. ಬ್ಯಾಂಕುಗಳು ಬಾಗಿಲು ಹಾಕಿದ ವರ್ಷ ಕೆಲಸ ಕಳೆದುಕೊಂಡು ಇಟಲಿಯ ಟ್ಯೂರಿನ್ನಿಗೆ ಹೋದವಳು ಅಲ್ಲೊಬ್ಬ ಮುದುಕಿಯ ಆರೈಕೆಗೆ ನಿಂತಿದ್ದಳು. ಅಲ್ಲಿರುವ ಅನುಮತಿ ಮುಗಿದಿತ್ತು. ಪೊಲೀಸರು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುವ ಬದುಕು. ನೆಲ್ದಾಳ ಅಪ್ಪ ಸ್ಪೇನಿನ ಕಡೆಯವನಾದರೂ ಅಮ್ಮ ಮಾರ್ಗರೀತಾ ಇಟಲಿಯಲ್ಲಿ ಹುಟ್ಟಿ ಬಂದವಳು. ಅಮ್ಮನಿಂದ ನೆಲ್ದಾಳಿಗೆ, ನೆಲ್ದಾಳಿಂದ ಮರಿಯೆಲಾಳಿಗೆ ಆ ದೇಶದ ಪೌರತ್ವ ಇಳಿದು ಬರಬೇಕು. ಅದಕ್ಕೆ ಎಲ್ಲರ ಜನನ, ಮದುವೆ, ಮರಣದ ಪತ್ರಗಳು ಬೇಕು, ಒಂದೊಂದಕ್ಕೂ ಸರ್ಕಾರದ ಮುದ್ರೆ ಬೀಳಬೇಕು, ಆಮೇಲೆ ಇಟಾಲಿಯನ್ನಿಗೆ ಅನುವಾದವಾಗಬೇಕು. ಒಂದು ತೊಡಕು ಬೇರೆ. ಹಕ್ಕು ಬರುವುದು ಹೆಂಗಸಿನ ಕಡೆಯಿಂದಾದರೆ, ನಲವತ್ತೆಂಟನೇ ಇಸವಿಯ ಹೊಸವರ್ಷದಿಂದೀಚೆಗೆ ಹುಟ್ಟಿದವರಿಗಷ್ಟೇ.

“ನಂದು ಅದೇ ಜನವರಿ,” ಎಂದಳು ನೆಲ್ದಾ, ಕುರ್ಚಿ ಎಳೆದರೂ ಕೂರದೆ. “ಕಾಗದದಲ್ಲಿ.”

ದೆಲ್ಮಿರಾ ಚಹಾದಂತೆ ಹೀರುವ ಮಾಟೆ ಸೊಪ್ಪಿನ ಬುರುಡೆಗೆ ಬಿಸಿನೀರು ಹೊಯ್ದಳು. ಆ ಸೀಮೆಯಲ್ಲಿ ಹಳಬರಿಗೆಲ್ಲ ಎರಡೆರಡು ಹುಟ್ಟುಹಬ್ಬ. ಗೋಧಿ ಕೊಯ್ಲಿನಲ್ಲಿ ಮಗು ಹುಟ್ಟಿದರೆ ಅಪ್ಪಂದಿರು ಅದನ್ನು ಬರೆಸಲು ಹೊಲ ಬಿಟ್ಟು ಓಡುತ್ತಿರಲಿಲ್ಲ. ಗಾಡಿ ತುಂಬಿ ಊರಿಗೆ ಬಂದ ದಿನ ನೋಂದಣಿ ಕಚೇರಿಗೂ ಹೋಗಿ, ತಡವಾದದ್ದಕ್ಕೆ ದಂಡ ಹಾಕಿಯಾರೆಂದು “ಈ ವಾರ ಹುಟ್ಟಿತು” ಎಂದು ಬರೆಸುತ್ತಿದ್ದರು. ನೆಲ್ದಾ ಹುಟ್ಟಿದ್ದು ಹಿಂದಿನ ಡಿಸೆಂಬರಿನಲ್ಲಿ, ಕನ್ಯಾಮಾತೆಯ ಹಬ್ಬದ ದಿನ. ಕೇಕು ಕತ್ತರಿಸುತ್ತಿದ್ದುದೂ ಅಂದೇ. ಅವಳು ಹುಟ್ಟಿದಾಗ ದೆಲ್ಮಿರಾ ಏಳು ವರ್ಷದ ಹುಡುಗಿ, ಹೆರಿಗೆಯಾದ ಆ ಮನೆಯ ಅಡುಗೆಕೋಣೆಯಲ್ಲೇ ಇದ್ದಳು.

“ಕಾಗದಾನೇ ಅಲ್ವಾ ಅವರು ನೋಡೋದು,” ಎಂದಳು ದೆಲ್ಮಿರಾ. “ಕೇಕು ನೋಡಲ್ಲ.”

ಅಂದಿನಿಂದ ನೆಲ್ದಾಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಮೇಜನ್ನೇ ಒರೆಸುವಳು, ಒಲೆಯ ಮೇಲೆ ಸಾರು ಸೀಯುವಾಗ ಅಂಚೆಯವನ ಸೈಕಲ್ಲು ಬಂತೇ ಎಂದು ಬಾಗಿಲಿಗೆ ಓಡುವಳು. ಪತ್ರಗಳು ಒಂದೊಂದಾಗಿ ಬಂದವು. ಮುದ್ರೆ ಹಾಕಿಸಿಕೊಂಡು ಇಬ್ಬರೂ ಅನುವಾದಕಿಯ ಮನೆಗೆ ಹೋದರು. ಆಕೆ ಪ್ರಮಾಣ ಸ್ವೀಕರಿಸಿ ಈ ಕೆಲಸಕ್ಕೆ ಕೂತವಳು. ಕನ್ನಡಕವನ್ನು ಹಣೆಗೇರಿಸಿ, ಹಿರಿಯಳೆಂದು ಮರ್ಯಾದೆಯ ‘ದೋನ್ಯಾ’ ಸೇರಿಸಿ ಕೇಳಿದಳು:

“ದೋನ್ಯಾ ನೆಲ್ದಾ, ನೀವು ಎರಡು ಸಲ ಹುಟ್ಟಿದೀರಾ?”

ಜನನಪತ್ರದಲ್ಲಿ ಜನವರಿ. ಮದುವೆಯ ಪತ್ರದಲ್ಲಿ ಮಾತ್ರ ಡಿಸೆಂಬರ್ ಎಂಟು, ಹಿಂದಿನ ವರ್ಷ. ಮದುವೆಯ ದಿನ ಗುಮಾಸ್ತ “ಹುಟ್ಟಿದ್ದು ಯಾವಾಗ?” ಎಂದಾಗ ನೆಲ್ದಾ ಕೇಕಿನ ದಿನ ಹೇಳಿಬಿಟ್ಟಿದ್ದಳು. ಅವನೂ ಗುರುತಿನ ಪುಸ್ತಕ ತೆರೆಯದೆ ಬರೆದುಕೊಂಡಿದ್ದ.

“ಇದೊಂದನ್ನ ಜನವರಿ ಅಂತ ಬರ್ಕೊಂಡ್ಬಿಡಿ ತಾಯಿ,” ಎಂದಳು ನೆಲ್ದಾ.

“ಇರೋದನ್ನ ಇರೋ ಹಾಗೇ ಬರೀಬೇಕು ನಾನು. ಮೂಲ ತಿದ್ದಿಸ್ಕೊಂಡು ಬನ್ನಿ. ಹೀಗೇ ಕೊಟ್ರೆ ಇಟಲಿಯವರ ಕಚೇರಿ ಕಿಟಕಿಯಿಂದಲೇ ವಾಪಸ್.”

ದಾರಿಯಲ್ಲಿ ದೆಲ್ಮಿರಾ ಬೈದಳು. “ಮದುವೆ ದಿನ ಬಾಯಿ ಬಿಡೋದು ಹೂಂ ಅನ್ನೋಕೆ ಕಣೇ. ಪುರಾಣ ಬಿಚ್ಚೋಕಲ್ಲ.”

“ಆ ಲಂಗದ ಕೊಕ್ಕೆ ಕಿತ್ತುಹೋಗಿತ್ತು. ಒಂದು ಕೈಲಿ ಹಿಡ್ಕೊಂಡೇ ನಿಂತಿದ್ದೆ. ತಲೆ ಎಲ್ಲಿತ್ತೋ.”

ಇಬ್ಬರಿಗೂ ನಗು ಬಂತು, ಆದರೆ ಬಹಳ ಹೊತ್ತು ನಿಲ್ಲಲಿಲ್ಲ. ಮದುವೆಯ ಪತ್ರ ತಿದ್ದಬೇಕಾದರೆ ನೆಲ್ದಾಳನ್ನು ಹುಟ್ಟಿನಿಂದ ಬಲ್ಲ ಒಬ್ಬರನ್ನು ಕರೆತರಬೇಕೆಂದು ನೋಂದಣಿ ಕಚೇರಿಯವರು ಹೇಳಿದರು. ಅಂಥವರಲ್ಲಿ ಬದುಕಿ ಉಳಿದಿದ್ದವಳು ದೆಲ್ಮಿರಾ ಒಬ್ಬಳೇ. ಅವಳ ಬಾಯಿಂದ ಡಿಸೆಂಬರ್ ಎಂದು ಬಂದರೆ ಜನನಪತ್ರವೇ ಸುಳ್ಳಾಗಿ, ಮರಿಯೆಲಾಳ ದಾರಿ ಮುಚ್ಚೀತು.

ಕಚೇರಿಯ ಮೊಗಸಾಲೆಯಲ್ಲಿ ನೆಲ್ದಾ ಎದ್ದಳು, ಕೂತಳು, ಮತ್ತೆ ಎದ್ದಳು.

“ಸುಳ್ಳು ಹೇಳು ಅನ್ನಲ್ಲ ನಾನು. ನೆನಪಿಲ್ಲ ಅನ್ನು, ಸಾಕು.”

“ಯಾರ ಮನೆ ಕೋಳಿ ಯಾವತ್ತು ಕಾವಿಗೆ ಕೂತ್ಕೊಂಡ್ತು ಅಂತ ಹೇಳೋಳು ನಾನು. ಊರೇ ನಗುತ್ತೆ.”

“ನಗ್ಲಿ ಬಿಡು.”

ಒಳಗೆ ಅಧಿಕಾರಿ ಮರ್ಯಾದೆಯಿಂದಲೇ ಕೇಳಿದ. “ದೋನ್ಯಾ ದೆಲ್ಮಿರಾ, ಈಕೆ ಹುಟ್ಟಿದ್ದು ನೆನಪಿದೆಯಾ ನಿಮಗೆ?”

ದೆಲ್ಮಿರಾಳ ಕಣ್ಣ ಮುಂದೆ ಬಿಸಿನೀರು ತುಂಬಿದ ತಾಮ್ರದ ಬೋಗುಣಿ ಬಂತು. ಅದನ್ನು ಎರಡೂ ಕೈಯಲ್ಲಿ ಹಿಡಿದು ತುಳುಕಿಸದೆ ಹೆರಿಗೆಯ ಕೋಣೆಗೆ ನಡೆದದ್ದು, ದೂರದಲ್ಲಿ ಹಬ್ಬದ ಮೆರವಣಿಗೆಯ ಹಾಡು, ಅದಕ್ಕೆ ಹೋಗಲು ಬಿಡಲಿಲ್ಲವೆಂದು ತಾನು ಅತ್ತದ್ದು. ಪಕ್ಕದಲ್ಲಿ ನೆಲ್ದಾ ನಿಂತಿದ್ದಳು.

“ಚಿಕ್ಕವಳಿದ್ದೆ ಸ್ವಾಮಿ. ಗೋಧಿ ಸುಗ್ಗಿಯ ಕಾಲ ಅಂತ ಅಷ್ಟೇ ನೆನಪು.”

“ಜನವರಿವರೆಗೂ ಗೋಧಿ ಸಾಗಿಸ್ತಿದ್ರಲ್ಲ ಆಗ,” ಎನ್ನುತ್ತ ಅವನು ಮುದ್ರೆಯೊತ್ತಿದ.

ತಿದ್ದಿದ ಪತ್ರಕ್ಕೆ ಹೊಸ ಮುದ್ರೆ ಬಿತ್ತು, ಅನುವಾದ ಸೇರಿತು, ಕಟ್ಟು ರೊಸಾರಿಯೊ ನಗರದ ಇಟಲಿ ಕಾನ್ಸುಲೇಟಿಗೆ ಹೋಯಿತು. ಆ ಡಿಸೆಂಬರಿನಲ್ಲಿ ನೆಲ್ದಾ ಮೊಟ್ಟೆ ಒಡೆಯಲಿಲ್ಲ, ಹಿಟ್ಟು ಕಲಸಲಿಲ್ಲ. ಹಬ್ಬದ ಪೂಜೆಗೂ ಹೋಗದೆ ಕಿಟಕಿ ಮುಚ್ಚಿಕೊಂಡಿದ್ದಳು. ಜನವರಿಯಲ್ಲಿ ಕೇಕು ಮಾಡಿ ದೆಲ್ಮಿರಾಳನ್ನು ಕರೆದಳು. ಇಬ್ಬರೂ ಒಂದೊಂದು ತುಂಡು ತಿಂದು, ಸೆಕೆಯ ಮಾತಾಡಿ ಎದ್ದರು. ಬೋಗುಣಿಯ ಮಾತು ದೆಲ್ಮಿರಾಳ ನಾಲಿಗೆಯ ತುದಿಗೆ ಎಷ್ಟೋ ಸಲ ಬಂತು. ನುಂಗಿದಳು.

ಪೌರತ್ವ ಬಂತು, ಮಗಳಿಗೂ ಸಿಕ್ಕಿತು. ಮರಿಯೆಲಾ ಅಮ್ಮನನ್ನು ತನ್ನ ಹತ್ತಿರ ಕರೆಸಿಕೊಂಡಳು. ಹೊರಡುವ ದಿನ ಬಸ್ ನಿಲ್ದಾಣದಲ್ಲಿ ನೆಲ್ದಾ ಪೆಟ್ಟಿಗೆಯ ಬೀಗವನ್ನು ಮತ್ತೆ ಮತ್ತೆ ಮುಟ್ಟಿ ನೋಡುತ್ತಿದ್ದಳು. ಚಾಲಕ ಕೊನೆಯ ದಮ್ಮು ಎಳೆದು ಸಿಗರೇಟು ಎಸೆದ. ಆಗ ಅವಳು ದೆಲ್ಮಿರಾಳ ತೋಳು ಹಿಡಿದು ಕಂಬದ ಮರೆಗೆ ಎಳೆದಳು.

“ದೆಲ್ಮಿ, ಅಮ್ಮ ಯಾವತ್ತೂ ಹೇಳ್ಲಿಲ್ಲ ನಂಗೆ. ಅಲ್ಲಿದ್ದೋರಲ್ಲಿ ಉಳಿದಿರೋಳು ನೀನೊಬ್ಳೇ. ನೆನಪಿಲ್ಲ ಅನ್ಬೇಡ ಈಗ. ನಾನು ಹುಟ್ಟಿದ ದಿನ ಹೇಗಿತ್ತು ಹೇಳೇ, ಡ್ರೈವರ್ ಬಸ್ ಹತ್ತೋದ್ರೊಳಗೆ.”