ಎಡಗಡೆ ಬಾಗಿಲು

ನಮ್ಮ ಬೀದಿಯ ಬಾಗಿಲುಮಾವನ ಎದುರು ಕಾರಿನ ಬಾಗಿಲನ್ನು ದಡಾರನೆ ಹಾಕಿದವರ ಕಥೆ ಮುಗಿದಂತೆಯೇ. "ಅದೇನು ಕೋಟೆ ಬಾಗಿಲೇನಯ್ಯಾ?" ಎಂದು ಗದರಿ, ತಾವೇ ತೆರೆದು, ಒಂದು ಬೆರಳಷ್ಟು ಮೇಲಕ್ಕೆತ್ತಿ, ಮೆಲ್ಲಗೆ ಹಾಕಿ ತೋರಿಸುತ್ತಾರೆ. ಸರ್ಕಾರ ಆರೇ ವರ್ಷ ನಡೆಸಿ ಮುಚ್ಚಿದ ಕಾರು ಕಾರ್ಖಾನೆಯಲ್ಲಿ ಅವರು ಬಾಗಿಲು ಕೂರಿಸುತ್ತಿದ್ದರು. ಆ ಕಾರಿನ ಬಾಗಿಲು ಎತ್ತಿ ಹಾಕದಿದ್ದರೆ ಮುಚ್ಚಿಕೊಳ್ಳುತ್ತಲೇ ಇರಲಿಲ್ಲ. "ದೋಷ ಅಲ್ಲ ಕಣೋ, ಅದು ಮರ್ಯಾದೆ ಕೇಳೋ ಬಾಗಿಲು" ಎನ್ನುತ್ತಾರೆ. ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾದರೂ ಬೀರು, ಫ್ರಿಜ್ಜು, ಬ್ಯಾಂಕಿನ ಗಾಜಿನ ಬಾಗಿಲು, ಎಲ್ಲವನ್ನೂ ಎತ್ತಿಯೇ ಹಾಕುತ್ತಾರೆ. ಆದರೆ ಯಾವ ಕಾರಿನ ಎಡಗಡೆ ಬಾಗಿಲನ್ನೂ ಮುಟ್ಟುವುದಿಲ್ಲ. ಸುರಿವ ಮಳೆಯಲ್ಲೂ ಸುತ್ತಿಬಳಸಿ ಹೋಗಿ ಬಲಗಡೆಯಿಂದಲೇ ಹತ್ತುತ್ತಾರೆ. ನಾವು ನಗುತ್ತಿದ್ದೆವು. ಮೊನ್ನೆ ಮಾವನ ಜೊತೆ ಗುಜರಿ ಅಂಗಡಿಗೆ ಹೋದಾಗ ಅವರ ಕಾರ್ಖಾನೆಯ ಕಾರೊಂದು ಸಿಕ್ಕಿತು. ಎಂಜಿನ್ನಿಲ್ಲ, ಚಕ್ರವಿಲ್ಲ, ಎರಡೂ ಬಾಗಿಲು ತೆರೆದು ನಿಂತಿತ್ತು. ನಾನು ಎಡಗಡೆಯದನ್ನು ಹಾಕಲು ಹೋದೆ. ಮಾವ ಕೈ ಹಿಡಿದರು. "ಆ ಕಡೆ ನಿಂತು ಕೂರಿಸ್ತಿದ್ದವಳು ನಿಮ್ಮತ್ತೆ. ಅವಳು ಹಾಕಿದ ಮೇಲೇ ನಾನು ಹಾಕೋದು" ಎಂದರು. ಅತ್ತೆ ತೀರಿಕೊಂಡು ಐದು ವರ್ಷವಾಗಿದೆ. ಅವತ್ತು ಮೊದಲ ಸಲ ಅವರು ಒಂದು ಕಾರಿನ ಬಲಗಡೆ ಬಾಗಿಲನ್ನೂ ತೆರೆದೇ ಬಿಟ್ಟು ಬಂದರು.