ಎಂಟನೇ ತಿಂಗಳಲ್ಲಿ ಹುಟ್ಟಿದವಳು

ಏಳನೇ ತಿಂಗಳಲ್ಲಿ ನನ್ನ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಕಾಲು ಊದಿತು. ನಿದ್ದೆ ಹೋಯಿತು. ಇದು ಶುರುವಾದದ್ದು ಯಾವ ದಿನವೆಂದು ನನಗೆ ಚೆನ್ನಾಗಿ ಗೊತ್ತು.

ಚೊಚ್ಚಲ ಹೆರಿಗೆಗೆ ಉಡುಪಿಯ ತವರಿಗೆ ಹೋಗಬೇಕಿತ್ತು. ಹೊರಡುವುದು ತಡವಾಗಿ, ಮಳೆಗಾಲ ಹಿಡಿದು ಊರಿಗೆ ಹೋಗುವ ಸ್ಟೀಮರ್ ನಿಂತಿತು. ಸಾಂತಾಕ್ರೂಜ್‌ನ ಚಾಳಿನ ಒಂದೇ ಕೋಣೆಯಲ್ಲಿ ಉಳಿದೆ. ಯಜಮಾನರಿಗೆ ಬಾಂದ್ರಾದ ಹೋಟೆಲಿನಲ್ಲಿ ಕೆಲಸ. ಅಕ್ಕಪಕ್ಕದವರದು ಮರಾಠಿ, ನನ್ನದು ಬರೀ ತಲೆಯಾಡಿಸುವ ಭಾಷೆ.

ಒಂದು ಸಂಜೆ ದೇವರ ಮುಂದೆ ಕುಳಿತಾಗ ಯಜಮಾನರು ತಡೆದರು.

"ಇವತ್ತು ದೀಪ ಬೇಡ ಮಾರಾಯ್ತಿ, ಎಣ್ಣೆ ಮುಗಿದಿದೆ."

ಡಬ್ಬದಲ್ಲಿ ಅರ್ಧದಷ್ಟು ಎಣ್ಣೆ ಇತ್ತು. ಮರುದಿನವೂ ಬೇಡವೆಂದರು, ಅದರ ಮರುದಿನವೂ. ನಾಲ್ಕನೇ ದಿನ ನನಗೆ ತಲೆಗೆ ಸ್ನಾನ ಮಾಡಲು ಹೇಳಿ, ತಾವೇ ದೀಪ ಹಚ್ಚಿದರು.

ಮೂರು ದಿನದ ಸೂತಕ.

ಮದುವೆಯಾದ ಮಗಳಿಗೆ ಅದು ಬರುವುದು ಹೆತ್ತವರು ತೀರಿಕೊಂಡಾಗ. ಬಸುರಿಗೆ ಸಾವಿನ ಸುದ್ದಿ ಹೇಳಬಾರದೆಂಬುದು ನಮ್ಮ ಕಡೆಯ ಕಟ್ಟಳೆ. ಪಾಪ, ಸುದ್ದಿಯನ್ನು ಮುಚ್ಚಿಟ್ಟರು. ಸೂತಕವನ್ನು ಬಿಡಲಾರದೆ ಸಿಕ್ಕಿಬಿದ್ದರು. ಊರಿನ ಕಾಗದ ಬರುವುದು ಹೋಟೆಲಿನ ವಿಳಾಸಕ್ಕೆ. ತವರಿನ ಕಾಗದ ಬಂತೇ ಎಂದರೆ, ಮಳೆಗೆ ಟಪಾಲು ತಡ ಎಂದರು.

ಅಪ್ಪನೋ, ಅಮ್ಮನೋ? ಕೇಳಲು ಧೈರ್ಯ ಬರಲಿಲ್ಲ. ಕೇಳುವವರೆಗೆ ಇಬ್ಬರೂ ಬದುಕಿದ್ದರು. ಒಂದು ದಿನ ಅಪ್ಪನಿಗಾಗಿ ಅಳುತ್ತಿದ್ದೆ, ಮರುದಿನ ಅಮ್ಮನಿಗಾಗಿ. ಬದುಕಿದ್ದವರಿಗೆ ಅಳುತ್ತಿದ್ದೇನೇನೋ ಎಂದು ನಾಚಿಕೆಯಾಗುತ್ತಿತ್ತು. ಯಜಮಾನರು ಬರುವ ಹೊತ್ತಿಗೆ ಮುಖ ತೊಳೆದು ನಗುತ್ತಿದ್ದೆ. ಅಷ್ಟು ಚಿಕ್ಕ ಕೋಣೆಯಲ್ಲಿ ಅಷ್ಟೊಂದು ಒಂಟಿತನಕ್ಕೆ ಜಾಗ ಎಲ್ಲಿತ್ತೋ.

ಎಂಟು ತುಂಬುವ ಮೊದಲೇ ನೋವು ಬಂತು. ಮಗಳು ಹುಟ್ಟಿದಳು.

ಅಳಲಿಲ್ಲ.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಅಳಿಸಿದರು. ಗಾಜಿನ ಪೆಟ್ಟಿಗೆಯಲ್ಲಿಟ್ಟು ನಳಿಗೆಯಲ್ಲಿ ಹಾಲು ಕೊಟ್ಟರು. ಹದಿನೈದನೇ ದಿನ ಧಾರವಾಡದ ಕಡೆಯ ಡಾಕ್ಟರಮ್ಮ ನನ್ನ ಬೆಡ್ಡಿನ ಪಕ್ಕ ಕುಳಿತು, ನಿನಗೆ ಬಿ.ಪಿ. ಅಷ್ಟು ಏರಲು ಏನಾಗಿತ್ತು ಎಂದು ಕೇಳಿದರು. ಎಲ್ಲ ಹೇಳಿದೆ.

"ನನ್ನ ಹೆದರಿಕೆ ಮಗುವಿಗೆ ತಾಗಿತಾ ಡಾಕ್ಟ್ರೇ?"

"ಅಂಜಿದಾಗ ಮೈಯಾಗ ಹಾರ್ಮೋನ್ ಏರತಾವ ತಂಗಿ, ರಕ್ತದಾಗ ಕೂಡತಾವ. ಕೂಸಿನ ಹೃದಯ, ಶ್ವಾಸಕೋಶ ಬೆಳಿಯೂದಕ್ಕ ಅವು ಏನು ಮಾಡತಾವ ಅನ್ನೂದು ನಮಗೂ ಪೂರಾ ತಿಳಿದಿಲ್ಲ. ನಿನ್ನ ತಪ್ಪಂತೂ ಅಲ್ಲ. ಆದ್ರ ಈ ದುಃಖ ಇನ್ನ ನೀ ಒಬ್ಬಾಕೀನ ಹೊರಬ್ಯಾಡ."

ಈಗ ಮಗಳಿಗೆ ಮೂರು ತಿಂಗಳು. ಡಾಕ್ಟರಮ್ಮ ಅವಳ ಎದೆ ಪರೀಕ್ಷಿಸಿ "ಸದ್ಯಕ್ಕ ಆರಾಮ" ಅನ್ನುತ್ತಾರೆ. ಅಷ್ಟಕ್ಕೇ ಕೈಮುಗಿಯುತ್ತೇನೆ. ಮುಂದಿನದು ಅವರಿಗೂ ಗೊತ್ತಿಲ್ಲ, ನನಗೂ.

ಡಾಕ್ಟರಮ್ಮನಿಗೆ ಎಲ್ಲ ಹೇಳಿದ ಆ ದಿನವೇ, ಸಂಜೆ ಯಜಮಾನರು ವಾರ್ಡಿಗೆ ಬಂದಾಗ ಕೇಳಿಯೇಬಿಟ್ಟಿದ್ದೆ.

"ಯಾರು?"

ಅವರು ತಲೆ ತಗ್ಗಿಸಿದರು. "ನಿನ್ನ ಅಮ್ಮ."

ಅತ್ತರೆ ಹಾಲು ಬತ್ತುತ್ತದೆಂದು ನರ್ಸ್ ಗದರಿದಳು. ಗದರಲಿ. ಅಮ್ಮನಿಗಾಗಿ ಬಾಯಿಬಿಟ್ಟು ಅತ್ತೆ. ಅಳುತ್ತಲೇ ಮಗಳನ್ನು ಮೊದಲ ಸಲ ಎದೆಗೆ ಹಚ್ಚಿಕೊಂಡೆ. ಮೊಲೆ ಹಿಡಿಯಲು ಬಾರದೆ ಎರಡು ಸಲ ಅವಳ ಬಾಯಿ ಜಾರಿತು. ಮೂರನೆಯ ಸಲ ಕುಡಿದಳು.