ಉಗುರು ಇಳಿದ ಟಯರು

ಬೆಳ್ಳಾರೆ ಪೇಟೆಯಲ್ಲಿ ಟಯರಿನ ಅಂಗಡಿ ಇಟ್ಟಿರುವ ತ್ಯಾಂಪಣ್ಣನಷ್ಟು ಹೆದರುಪುಕ್ಕಲ ಮನುಷ್ಯ ಮೂರು ತಾಲೂಕು ಹುಡುಕಿದರೂ ಸಿಗಲಿಕ್ಕಿಲ್ಲ. ಇದು ಆಗದವರು ಕಟ್ಟಿದ ಮಾತಲ್ಲ, ಅವನ ಹೆಂಡತಿ ಸೀತುವೇ ಹೇಳುವುದು. ಗಾಡಿಗೆ ಟಯರು ಹಾಕಿ ನಟ್ಟು ಬಿಗಿದ ಮೇಲೆ ಅವನು ಮತ್ತೊಮ್ಮೆ ಬಿಗಿಯುತ್ತಾನೆ. ಗಾಡಿಯವನು ಕೀ ತಿರುಗಿಸಿದ ಮೇಲೆ, "ಒಂದು ನಿಮಿಷ ಮಾರಾಯ್ರೆ" ಎಂದು ಕೈ ಅಡ್ಡ ಹಿಡಿದು ಮೂರನೆಯ ಸಲ ಬಿಗಿಯುತ್ತಾನೆ. ಅಲ್ಲಿಗೂ ಮುಗಿಯಲಿಲ್ಲ. ರಸ್ತೆಯ ಬದಿಗೆ ಬಂದು, ಗಾಡಿ ತಿರುವು ದಾಟಿ ಕಣ್ಮರೆಯಾಗುವ ತನಕ ನಿಂತು ನೋಡುತ್ತಾನೆ.

"ಮಗಳನ್ನು ಮದುವೆ ಮಾಡಿ ಕಳಿಸಿದ ಹಾಗೆ ನಿಲ್ಲುದು ನೋಡಿ ಇವರು," ಎಂದು ಸೀತು ನಗುತ್ತಾಳೆ. ಅವನು ನಗುವುದಿಲ್ಲ.

ಆ ಹೆದರಿಕೆಗೆ ಒಂದು ಹುಟ್ಟು ಉಂಟು. ಇಪ್ಪತ್ತರ ಪ್ರಾಯದಲ್ಲಿ ಅವನು ಪಂಜದ ಹತ್ತಿರ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದ. ಒಂದು ದಿನ ಹನ್ನೆರಡು ಮಂದಿ ತುಂಬಿದ್ದ ಜೀಪು ಏರು ಹತ್ತಲಾರದೆ ಹಿಂದಕ್ಕೆ ಜಾರಿತು. ಒಳಗಿದ್ದವರಲ್ಲಿ ತ್ಯಾಂಪಣ್ಣನೂ ಒಬ್ಬ. ಬಂಡೆಯೊಂದು ತಡೆದದ್ದರಿಂದ ಜೀವ ಉಳಿಯಿತು. ಕೆಳಗಿಳಿದು ಜೀಪಿನ ಟಯರು ಮುಟ್ಟಿ ನೋಡಿದರೆ ತೆಂಗಿನ ಗೆರಟೆಯಷ್ಟು ಗಟ್ಟಿ! ದಿನಾ ಮರದ ಹಾಲು ತೆಗೆದು, ಹೆಪ್ಪು ಹಾಕಿ, ಶೀಟು ಒತ್ತುತ್ತಿದ್ದವನಿಗೆ ರಬ್ಬರಿನ ಜೀವ ಎಲ್ಲಿರುತ್ತದೆಂದು ಬೆರಳಿಗೇ ಗೊತ್ತಿತ್ತು. ಅಂದಿನಿಂದ ಟಯರು ಕಂಡಲ್ಲೆಲ್ಲ ಹೆಬ್ಬೆರಳಿನ ಉಗುರು ಊರಿ ನೋಡುವ ಅಭ್ಯಾಸ ಬಿತ್ತು. ಉಗುರು ಇಳಿದರೆ ಮೆತ್ತಗಿನ ಟಯರು, ಏರಿನಲ್ಲಿ ಕಚ್ಚಿ ಹಿಡಿಯುತ್ತದೆ. ಇಳಿಯದಿದ್ದರೆ ಬೇಡ. ಜೀಪಿನವರು, ಪಿಕಪ್ಪಿನವರು ಮೂವತ್ತು ವರ್ಷ ಆ ಉಗುರನ್ನು ನಂಬಿದರು. ಅದು ಸುಳ್ಳಾಗಲೂ ಇಲ್ಲ. ಯಾಕೆಂದರೆ ಅಂಥ ಗಾಡಿಗಳ ಟಯರಿಗೆ ನೀರು ಹರಿಯುವ ಸಾಲುಗಳು ಹೇಗೂ ಆಳವಾಗಿಯೇ ಇರುತ್ತವೆ. ಸಾಲನ್ನು ನೋಡುವ ಪ್ರಮೇಯ ಉಗುರಿಗೆ ಬಂದಿರಲೇ ಇಲ್ಲ.

ಹೀಗಿರುವಾಗ ಮೇ ತಿಂಗಳ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಕೆಂಪು ಕಾರೊಂದು ಬಂದು ನಿಂತಿತು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಬೆಳ್ಳಾರೆಯಿಂದ ಎರಡು ಮೈಲಿ ಆಚೆಯ ಸೇವಂತಿಯಕ್ಕನ ಮಗ ಹರ್ಷಿತ್ ಮಂಗಳೂರಿನಲ್ಲಿ ಯಾರಿಂದಲೋ ಕೊಂಡ ಹಳೆಯ ಸ್ಪೋರ್ಟ್ಸ್ ಕಾರು. ಜೊತೆಗೆ ಅವನ ಸ್ನೇಹಿತ ಉಲ್ಲಾಸ್. ಪುತ್ತೂರಿನ ಡೀಲರಿನ ಪಿಕಪ್ಪು ಎರಡು ಸೆಟ್ಟು ಟಯರು ಹೇರಿಕೊಂಡು ಹಿಂದೆಯೇ ಬಂದಿತ್ತು.

"ತ್ಯಾಂಪಣ್ಣ, ಇದರಲ್ಲಿ ಯಾವುದು ಆಗ್ಬಹುದು? ನೀವು ಹೇಳಿದ್ದೇ ಹಾಕುದು," ಎಂದ ಹರ್ಷಿತ್.

ತ್ಯಾಂಪಣ್ಣ ಮೊದಲ ಸೆಟ್ಟಿಗೆ ಉಗುರು ಊರಿದ. ಇಳಿಯಲಿಲ್ಲ. ಸಾಲುಗಳು ಮಾತ್ರ ಅಗಲವಾಗಿ, ಆಳವಾಗಿ ಇದ್ದವು. ಎರಡನೆಯದಕ್ಕೆ ಊರಿದ. ಹಸಿ ರಬ್ಬರ್ ಶೀಟಿಗೆ ಊರಿದ ಹಾಗೆ ಉಗುರು ಸಲೀಸಾಗಿ ಇಳಿಯಿತು! ಇಷ್ಟು ಮೆತ್ತಗಿನ ಟಯರನ್ನು ಅವನು ಜನ್ಮದಲ್ಲಿ ಮುಟ್ಟಿರಲಿಲ್ಲ. ಆದರೆ ಅದರ ಮೈ ಬಹುತೇಕ ಬೋಳು, ಅಲ್ಲೊಂದು ಇಲ್ಲೊಂದು ಗೀರಿದಂಥ ಸಾಲು. ಅದನ್ನು ನೋಡಿ ಅವನಿಗೆ ಒಳಗೊಳಗೇ ಹೆದರಿಕೆಯಾಯಿತು.

"ಇದು ಎಂತ, ತಲೆ ಬೋಳಿಸಿದ ಹಾಗೆ ಉಂಟಲ್ಲ?" ಎಂದ.

ಉಲ್ಲಾಸ್ ಕಿಸಕ್ಕೆಂದು ನಕ್ಕ. "ಹರ್ಷಿತಾ, ನಾನು ಹೇಳ್ಲಿಲ್ವಾ? ತ್ಯಾಂಪಣ್ಣನಿಗೆ ಸೈಕಲಿನ ಟಯರ್ ತೋರಿಸಿದ್ರೂ ಹೆದರಿಕೆ. ಸ್ಪೋರ್ಟ್ಸ್ ಕಾರ್ ಅಂದ್ರೆ ಇವರಿಗೆ ಜ್ವರ ಬರ್ಲಿಕ್ಕುಂಟು!"

ಅಕ್ಕಪಕ್ಕದ ಅಂಗಡಿಯವರೂ ನಕ್ಕರು. ತ್ಯಾಂಪಣ್ಣನ ಕಿವಿ ಕೆಂಪಾಯಿತು. ಇಂಥ ಟಯರಿನ ವಿಚಾರ ನನಗೆ ಗೊತ್ತಿಲ್ಲ ಎನ್ನುವ ಒಂದು ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದ.

"ಹೆದರಿಕೆ ಎಂತದ್ದು? ಇದನ್ನೇ ಹಾಕುವ. ಹಲಸಿನ ಮೇಣದ ಹಾಗೆ ಹಿಡೀತದೆ."

ಹಾಕಿದ. ಆ ದಿನ ನಟ್ಟನ್ನು ಒಂದೇ ಸಲ ಬಿಗಿದ. ಉಲ್ಲಾಸ್ ನೋಡುತ್ತಿದ್ದನಲ್ಲ! ಕಾರು ಹೊರಟಾಗ ರಸ್ತೆಗೂ ಬರಲಿಲ್ಲ, ಬೆನ್ನು ತಿರುಗಿಸಿ ಒಳಗೆ ನಡೆದ.

ಎರಡು ವಾರ ಬಿಸಿಲು. "ತ್ಯಾಂಪಣ್ಣ, ತಿರುವಲ್ಲಿ ರೋಡಿಗೇ ಅಂಟಿಸಿದ ಹಾಗೆ ಹೋಗ್ತದೆ!" ಎಂದು ಹರ್ಷಿತ್ ದಾರಿಯಲ್ಲಿ ಕಂಡಾಗಲೆಲ್ಲ ಕೂಗಿ ಹೇಳುತ್ತಿದ್ದ. ಕೇಳಿ ಕೇಳಿ ತ್ಯಾಂಪಣ್ಣನಿಗೂ ಧೈರ್ಯ ಬಂದ ಹಾಗಾಯಿತು.

ಮೂರನೆಯ ವಾರ, ಒಂದು ಮಧ್ಯಾಹ್ನ. ಪಡುವಣದಿಂದ ಮೋಡ ಎದ್ದು ಪೇಟೆಯ ಮೇಲೆ ದೋಸೆಯ ಕಾವಲಿಯ ಹಾಗೆ ಕವುಚಿ ಬಿದ್ದಿತ್ತು. ಪುತ್ತೂರಿನ ಡೀಲರಿನ ಅಂಗಡಿಯಲ್ಲಿ ಕೆಲಸ ಮಾಡುವ ಅಚ್ಚುತ ಟ್ಯೂಬು ಇಳಿಸಲು ಬಂದವನು, ಅದೂ ಇದೂ ಮಾತಾಡುತ್ತ ಕೇಳಿದ:

"ಆ ಬೋಳು ಟಯರ್ ಎಂತ ಆಯ್ತು ತ್ಯಾಂಪಣ್ಣ? ಮಳೆ ಹಿಡಿಯುವ ಮೊದಲು ತೆಗ್ದಿದ್ದೀರಲ್ಲ?"

"ತೆಗಿಲಿಕ್ಕೆ ಯಾಕೆ?"

ಅಚ್ಚುತ ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟ. "ಅಯ್ಯೋ ದೇವರೇ. ಅದು ರೇಸಿನವರು ಒಣ ಟ್ರ್ಯಾಕಲ್ಲಿ ಓಡಿಸುದು ಮಾರಾಯ್ರೆ! ರೋಡಲ್ಲಿ ನೀರು ನಿಂತ್ರೆ ಹೋಗ್ಲಿಕ್ಕೆ ಅದಕ್ಕೆ ದಾರಿ ಎಲ್ಲುಂಟು? ಕಾರು ನೀರಿನ ಮೇಲೆ ತೇಲ್ತದೆ. ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ದೋಣಿ!"

ತ್ಯಾಂಪಣ್ಣ ನಟ್ಟು ಬಿಗಿಯುವ ಪಾನಾವನ್ನು ಬದಿಗೆ ಬಿಸಾಡಿದ. ಹರ್ಷಿತನಿಗೆ ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮನೆಗೆ ಮಾಡಿದ. ಸೇವಂತಿಯಕ್ಕ ಎತ್ತಿದರು.

"ಅವನಾ? ಹತ್ತು ನಿಮಿಷ ಆಯ್ತಷ್ಟೆ ಹೊರಟು. ಯಶಸ್ವಿಗೆ ಕಡಬದ ಆಸ್ಪತ್ರೆಯಲ್ಲಿ ಎರಡು ಗಂಟೆಗೆ ನರ್ಸ್ ಡ್ಯೂಟಿ. ಬಸ್ಸು ತಪ್ಪಿತು ಅಂತ ತಂಗಿಯನ್ನು ಕಾರಲ್ಲೇ ಕರ್ಕೊಂಡು ಹೋದ. ಯಾಕೆ ತ್ಯಾಂಪಣ್ಣ, ಸ್ವರ ಹೀಗುಂಟಲ್ಲ?"

"ಎಂತ ಇಲ್ಲಕ್ಕ," ಎಂದ. ಅಂದು ಹೆದರಿಕೆ ಇಲ್ಲ ಎಂದ ಮೇಲೆ ಇದು ಎರಡನೆಯ ಸುಳ್ಳು. ಅಷ್ಟರಲ್ಲಿ ಅಂಗಡಿಯ ಮಾಡಿನ ಶೀಟಿನ ಮೇಲೆ ಮೊದಲ ಹನಿ ಟಪ್ಪೆಂದಿತು.

ಅಂಗಡಿಯ ಹಳೆಯ ಜೀಪು ಹತ್ತಿ ಹೊರಟ. "ಎಲ್ಲಿಗೆ, ಊಟ ಬಡಿಸಿದ್ದೇನೆ!" ಎಂದು ಸೀತು ಕೂಗಿದ್ದು ಕೇಳಿಸಿತು, ಜೀಪು ನಿಲ್ಲಿಸಲಿಲ್ಲ. ಮೊದಲ ಹನಿಯ ಹಿಂದೆಯೇ ಮಳೆ ಕೊಡದಲ್ಲಿ ಸುರಿದ ಹಾಗೆ ಬಂತು. ಜೀಪಿನ ವೈಪರು ಒಂದೇ ಬದಿ ಆಡುತ್ತದೆ. ಆ ಒಂದು ತುಂಡು ಗಾಜಿನಲ್ಲಿ ಕಾಣುವ ರಸ್ತೆಯ ಮೇಲೆ ಕೆಂಪು ನೀರು ಆಗಲೇ ಹರಿಯತೊಡಗಿತ್ತು. ಪ್ರತಿ ತಿರುವಿನಲ್ಲೂ ಅವನ ಕಣ್ಣು ಮೊದಲು ಹೋದದ್ದು ಚರಂಡಿಗೆ. ಕೆಂಪಗೆ ಏನಾದರೂ ಕಂಡರೆ ಬ್ರೇಕು ಒತ್ತುತ್ತಿದ್ದ. ಒಮ್ಮೆ ಅದು ಯಾರದೋ ಕೊಡೆ. ಇನ್ನೊಮ್ಮೆ ಬೇಲಿಯ ದಾಸವಾಳ. ಸ್ಟೇರಿಂಗಿನ ಮೇಲಿದ್ದ ಹೆಬ್ಬೆರಳು ಕಣ್ಣಿಗೆ ಬಿತ್ತು. ಈ ಬೆರಳೇ ಅಲ್ಲವೇ ಆರಿಸಿದ್ದು?

ಪಂಜದಲ್ಲಿ ಕದೀಜಮ್ಮನ ಗೂಡಂಗಡಿಯ ಮುಂದೆ ನಿಲ್ಲಿಸಿ ಕೂಗಿದ: "ಕೆಂಪು ಕಾರೊಂದು ಹೋಯ್ತಾ?"

"ಹೋಯ್ತು ಹೋಯ್ತು, ಕಡಬದ ಕಡೆಗೆ. ಬಾಣದ ಹಾಗೆ! ಆಗ ಮಳೆ ಇರ್ಲಿಲ್ಲ."

ಕಡಬದ ದಾರಿಯಲ್ಲಿ ಕುಮಾರಧಾರೆಗೆ ಸೇತುವೆ ಉಂಟು. ಅದಕ್ಕೆ ಮೊದಲು ಒಂದು ಇಳಿಜಾರು, ಇಳಿಜಾರಿನ ಕೊನೆಗೆ ತಿರುವು. ತ್ಯಾಂಪಣ್ಣ ತನಗೆ ಗೊತ್ತಿದ್ದ ದೈವಗಳನ್ನೆಲ್ಲ ಕರೆದ. ಹೊಳೆಗೆ ಮಾತ್ರ ಬೇಡ, ಬೇರೆ ಎಲ್ಲಿಗೆ ಬೇಕಾದರೂ ಆಗಲಿ, ಹೊಳೆಗೆ ಬೇಡ ಎಂದು ಬಾಯಿಬಿಟ್ಟು ಹೇಳಿದ.

ತಿರುವಿನಲ್ಲಿ ಕಾರು ಕಂಡಿತು. ಕಡಬಕ್ಕೆ ಹೊರಟ ಕಾರು ಪಂಜಕ್ಕೆ ಮುಖ ಮಾಡಿ, ಹಿಂದಿನ ಚಕ್ರ ಎರಡನ್ನೂ ಚರಂಡಿಗೆ ಇಳಿಸಿ, ರಬ್ಬರ್ ಮರವೊಂದಕ್ಕೆ ಒರಗಿ ನಿಂತಿತ್ತು. ಮರದ ಆಚೆ ಹತ್ತು ಹೆಜ್ಜೆಯಲ್ಲಿ ಹೊಳೆಯ ದಡ. ಕಾರಿನೊಳಗೆ ಯಾರೂ ಇರಲಿಲ್ಲ!

ತ್ಯಾಂಪಣ್ಣ ಜೀಪಿನಿಂದ ಹಾರಿ ಹೊಳೆಯ ಕಡೆಗೆ ಓಡಿದ. ದಡದಲ್ಲಿ ನಿಂತು, "ಹರ್ಷಿತಾ!" ಎಂದು ಕೂಗಿದ.

"ಇಲ್ಲಿದ್ದೇವೆ ತ್ಯಾಂಪಣ್ಣ," ಎಂದದ್ದು ಯಶಸ್ವಿ. ಅಣ್ಣ ತಂಗಿ ಇಬ್ಬರೂ ರಸ್ತೆಯ ಆಚೆ ಬದಿ, ಟ್ಯಾಪಿಂಗಿನವರ ಪ್ಲಾಸ್ಟಿಕ್ ಗುಡಿಸಲಿನ ಅಡಿಯಲ್ಲಿ ಕುಳಿತಿದ್ದರು. ಅವಳು ಎಡಗೈಯನ್ನು ಶಾಲಿನಲ್ಲಿ ಕಟ್ಟಿ ಕುತ್ತಿಗೆಗೆ ನೇತುಹಾಕಿದ್ದಳು. "ಮಣಿಕಟ್ಟಿನ ಎಲುಬು ಹೋಗಿದೆ. ಬೇರೆ ಎಂತ ಇಲ್ಲ," ಎಂದು ಬೇರೆ ಯಾರದೋ ಕೈಯ ವಿಚಾರ ಹೇಳುವ ನರ್ಸಿನ ಹಾಗೆ ಹೇಳಿದಳು. ತುಟಿ ಮಾತ್ರ ಬೆಳ್ಳಗಾಗಿತ್ತು. ಹರ್ಷಿತ್ ತಲೆ ತಗ್ಗಿಸಿ ಕುಳಿತಿದ್ದ.

"ತಪ್ಪು ನಂದು," ಎಂದ ತ್ಯಾಂಪಣ್ಣ. ಅಚ್ಚುತ ಹೇಳಿದ್ದನ್ನೆಲ್ಲ ಹೇಳಿದ. "ಆ ದಿನವೇ ಹೆದರಿಕೆ ಆಗಿತ್ತು ಮಾರಾಯ. ಗೊತ್ತಿಲ್ಲ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಹರ್ಷಿತ್ ತಲೆ ಎತ್ತಿದ. "ನೀವು ಹೆದರಿದ್ರೆ ನಾನು ಹಾಕ್ತಿರ್ಲಿಲ್ಲ ತ್ಯಾಂಪಣ್ಣ. ಉಲ್ಲಾಸ ಬಾಯಿಗೆ ಬಂದದ್ದು ಹೇಳ್ತಾನೆ. ಊರಿನವರು ನಿಮ್ಮ ಅಂಗಡಿಗೆ ಬರುದು ಯಾಕೆ? ತ್ಯಾಂಪಣ್ಣನೇ ಹೆದರ್ಲಿಲ್ಲ ಅಂದ್ಮೇಲೆ ನಮಗೆಂತ ಹೆದರಿಕೆ ಅಂತ."

ಮೂವತ್ತು ವರ್ಷ ತಾನು ನಾಚಿಕೆಯಿಂದ ಹೊತ್ತು ತಿರುಗಿದ ಆ ಹೆದರಿಕೆಯ ಮೇಲೆ ಇಷ್ಟು ಜನ ಭಾರ ಹಾಕಿ ಕುಳಿತಿದ್ದರೆಂದು ತ್ಯಾಂಪಣ್ಣನಿಗೆ ತಿಳಿದೇ ಇರಲಿಲ್ಲ. ಇಬ್ಬರನ್ನೂ ಜೀಪಿಗೆ ಹತ್ತಿಸಿ ಕಡಬಕ್ಕೆ ಹೊರಟ. ಸೇತುವೆಯನ್ನು ಎತ್ತಿನ ಗಾಡಿಯ ವೇಗದಲ್ಲಿ ದಾಟಿದ. ಎರಡು ಗಂಟೆಗೆ ಡ್ಯೂಟಿಗೆ ಹೋಗಬೇಕಿದ್ದವಳು ಮೂರು ಗಂಟೆಗೆ ಅದೇ ಆಸ್ಪತ್ರೆಯ ಮಂಚದಲ್ಲಿ ಮಲಗಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು.

ಕಾರು ರಿಪೇರಿಯಾಗಿ ಬರಲು ತಿಂಗಳು ಹಿಡಿಯಿತು. ಆಗ ಜೋರು ಮಳೆಗಾಲ. ಉಗುರು ಇಳಿಯದ ಆ ಮೊದಲ ಸೆಟ್ಟನ್ನೇ ಅಚ್ಚುತ ಪುತ್ತೂರಿನಿಂದ ತಂದುಕೊಟ್ಟ. ತ್ಯಾಂಪಣ್ಣ ಈ ಸಲ ಉಗುರು ಊರಲಿಲ್ಲ. ಚೊಂಬಿನಲ್ಲಿ ನೀರು ತಂದು ಟಯರಿನ ಮೇಲೆ ಹೊಯ್ದು, ಅದು ಯಾವ ಸಾಲಿನಲ್ಲಿ ಹರಿದು ಎಲ್ಲಿಂದ ಹೊರಗೆ ಬೀಳುತ್ತದೆಂದು ಬಗ್ಗಿ ನೋಡಿದ. ಮತ್ತೆ ಹೊಯ್ದ. ಗೊತ್ತಾಗದ್ದನ್ನು ಅಚ್ಚುತನಲ್ಲಿ ಎಲ್ಲರ ಎದುರೇ ಕೇಳಿದ. ಅಲ್ಲೇ ಇದ್ದ ಉಲ್ಲಾಸ್ ಚೊಂಬಿಗೆ ನೀರು ತುಂಬಿಸಿ ಕೊಟ್ಟ. ನಟ್ಟು ಮೂರು ಸಲ ಬಿಗಿದದ್ದಾಯಿತು.

ಕಾರು ಹತ್ತಲು ಯಶಸ್ವಿ ಒಪ್ಪಲಿಲ್ಲ. ಪ್ಲಾಸ್ಟರ್ ಕೈಯನ್ನು ಎದೆಗೆ ಅವುಚಿ ಕೊಡೆಯಡಿಯಲ್ಲಿ ನಿಂತೇ ಇದ್ದಳು. ಅಣ್ಣ ಕರೆದ, ಕೇಳಲಿಲ್ಲ. ಕೊನೆಗೆ ಅವಳು ತ್ಯಾಂಪಣ್ಣನ ಕಡೆಗೆ ತಿರುಗಿದಳು.

"ಸತ್ಯ ಹೇಳಿ ತ್ಯಾಂಪಣ್ಣ. ಈಗ ನಿಮಗೆ ಹೆದರಿಕೆ ಉಂಟಾ?"

"ಉಂಟು ಮಗಾ," ಎಂದ ಅವನು. "ತುಂಬಾ ಉಂಟು. ನಲವತ್ತರ ಮೇಲೆ ಹೋಗ್ಲೇಬಾರ್ದು ಅಂತ ಹೇಳು ಇವನಿಗೆ."

"ಹಾಗಾದ್ರೆ ಹೋಗುವ," ಎಂದು ಅವಳು ಬಾಗಿಲು ತೆಗೆದು ಕುಳಿತಳು.

ಕಾರು ಮೆಲ್ಲನೆ ಹೊರಟಿತು. ತ್ಯಾಂಪಣ್ಣ ಮಳೆಯಲ್ಲಿ ನೆನೆಯುತ್ತ ರಸ್ತೆಯ ಬದಿಗೆ ಬಂದ. ಅದು ತಿರುವು ದಾಟಿದ ಮೇಲೂ, ಸೀತು ಎರಡು ಸಲ ಕರೆದ ಮೇಲೂ, ಅಲ್ಲೇ ನಿಂತಿದ್ದ.